ಪದ ಪರಿಚಯ: ಮೋಡ್ ಎರರ್

ಕಾಸರಗೋಡಿನ ಪಾಲಕುನ್ನು, ಉದುಮ ಕಡೆ ಮರ್ಚೆಂಟ್ ನೇವಿಗೆ ಹೋದವರು ಬೇಕಾದಷ್ಟು ಮಂದಿ. ಹಡಗೊಂದು ನೆಲ ಕಚ್ಚಿದ ಸುದ್ದಿ ಬಂದಾಗ ಅವರ ಮನೆಯವರು ಪೇಪರಿನಲ್ಲಿ ಓದುವ ಕಾರಣ ಹೆಚ್ಚಾಗಿ ಒಂದೇ: ‘ಮಾನವ ದೋಷ’. ಆ ಚೀಟಿ ಅಂಟಿಸಿದ ಡಬ್ಬಿಯೊಳಗೆ ಏನೇನೋ ಇರುತ್ತದೆ. ಅದರಲ್ಲೊಂದು ಮೋಡ್ ಎರರ್. ಯಂತ್ರ ಇಂಥ ಸ್ಥಿತಿಯಲ್ಲಿದೆ ಎಂದು ನಂಬಿ ಅದಕ್ಕೆ ತಕ್ಕ ಕೆಲಸವನ್ನೇ ಮಾಡುತ್ತೀರಿ. ಯಂತ್ರವೋ ಬೇರೆಯೇ ಸ್ಥಿತಿಯಲ್ಲಿರುತ್ತದೆ.

ಮೀನುಗಾರಿಕೆ ಬೋಟಿನ ಕೆಲವು ಜಿಪಿಎಸ್‌ಗಳಲ್ಲಿ ಕಲಿಯುವವರಿಗೆಂದು ಸಿಮ್ಯುಲೇಶನ್ ಮೋಡ್ ಇದೆ. ಅದು ಆನ್ ಇದ್ದರೆ ಮಂಜೇಶ್ವರದಲ್ಲಿ ಕಟ್ಟಿ ಹಾಕಿದ ಬೋಟೂ ಪರದೆಯ ಮೇಲೆ ಓಡುತ್ತದೆ. ಗುರುತು ‘ಎಸ್‌ಐಎಂ’ ಎಂಬ ಮೂರಕ್ಷರ, ಅಷ್ಟೇ.

ಇಂಥದ್ದೇ ಸಣ್ಣ ಅಕ್ಷರ 1995ರ ಜೂನ್‌ನಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗನ್ನು ಕೆಡವಿತು. ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟು ಒಂದು ಗಂಟೆಯೊಳಗೆ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿತು. ಉಪಕರಣ ಸುಮಾರು ಒಂದು ಸೆಕೆಂಡು ಚಿಲಿಪಿಲಿ ಎಂದು ಸುಮ್ಮನಾಗಿ, ದಿಕ್ಕು ಮತ್ತು ವೇಗದಿಂದ ಸ್ಥಾನವನ್ನು ಅಂದಾಜು ಮಾಡುವ ಮೋಡ್‌ಗೆ ಜಾರಿತು. ಪರದೆಯಲ್ಲಿ ‘ಡಿಆರ್’ (ಡೆಡ್ ರೆಕನಿಂಗ್, ಅಂದರೆ ಅಂದಾಜಿನ ಲೆಕ್ಕ) ಎಂದು ಬಂತು, ಸ್ಥಾನದ ಅಂಕೆಗಳ ಮುಂದೆ ತೀರಾ ಚಿಕ್ಕದಾಗಿ. ಗಾಳಿ, ಸೆಳೆತ ಈ ಲೆಕ್ಕಕ್ಕೆ ಸೇರುವುದಿಲ್ಲ. ಆಟೋಪೈಲಟ್ ತನ್ನ ಅಂದಾಜನ್ನು ಜಿಪಿಎಸ್ ಜೊತೆ ತಾಳೆ ನೋಡುತ್ತಲೇ ಇತ್ತು. ಈಗ ಎರಡೂ ಅಂದಾಜೇ ಆದ್ದರಿಂದ ವ್ಯತ್ಯಾಸವೂ ಇಲ್ಲ, ಅಲಾರಮ್ಮೂ ಇಲ್ಲ. ಸುಮಾರು 34 ಗಂಟೆಯ ಬಳಿಕ, ದಾರಿಯಿಂದ 17 ಮೈಲು ಆಚೆ, ಅಮೆರಿಕದ ನಾಂಟಕೆಟ್ ದ್ವೀಪದ ಬಳಿಯ ಮರಳುದಿಬ್ಬದಲ್ಲಿ ಹಡಗು ಹೂತಿತು. ಬೇರೆ ಸಾಧನದಿಂದ ಸ್ಥಾನ ಪರೀಕ್ಷಿಸದೇ ಇದ್ದದ್ದು ಅಧಿಕಾರಿಗಳ ತಪ್ಪೇ. ಆದರೆ ಆ ಒಂದು ಸೆಕೆಂಡಿನ ಸದ್ದನ್ನು ಡ್ರಾಯಿಂಗ್ ಬೋರ್ಡಿನಲ್ಲಿ ಯಾರೋ ಸಾಕೆಂದು ಒಪ್ಪಿದ್ದರು.

2017ರ ಆಗಸ್ಟ್ 21ರಂದು ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್‌ನಲ್ಲಿ ಆದದ್ದು ಇನ್ನೂ ಗೋಜಲು. ಚುಕ್ಕಾಣಿ ಹಿಡಿದವನ ಹೊರೆ ಇಳಿಸಲು ಥ್ರಾಟಲ್ (ವೇಗದ ಹಿಡಿತ) ಮಾತ್ರ ಪಕ್ಕದ ಕನ್ಸೋಲಿಗೆ ಹೋಗಬೇಕಿತ್ತು. ಟಚ್‌ಸ್ಕ್ರೀನಿನಲ್ಲಿ ಗೊತ್ತಿಲ್ಲದೆ ಚುಕ್ಕಾಣಿಯೂ ಅಲ್ಲಿಗೆ ಹೋಯಿತು. ಹಳೆಯ ಜಾಗದಲ್ಲಿದ್ದವನಿಗೆ ಸ್ಟೀರಿಂಗೇ ಸತ್ತಂತೆ ಕಂಡಿತು. ವೇಗ ಇಳಿಸಲು ಹೋದರೆ ಎರಡು ಥ್ರಾಟಲ್‌ಗಳು ಜೋಡಿಯಾಗಿರಲಿಲ್ಲ. ಎಡದ್ದು ಮಾತ್ರ ಇಳಿಯಿತು, ನೌಕೆ ಎಡಕ್ಕೆ ತಿರುಗಿ ಆಲ್ನಿಕ್ ಎಂಸಿ ಟ್ಯಾಂಕರಿಗೆ ಅಡ್ಡ ಬಂತು. ಸತ್ತವರು 10 ಮಂದಿ.

ವ್ಯಾಪಾರಿ ಹಡಗಿನ ಎಂಜಿನ್‌ಗೆ ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ ಖಡಕ್ಕಾಗಿದೆ: ರಿಮೋಟ್ ಹಿಡಿತ ಒಮ್ಮೆಗೆ ಒಂದೇ ಕಡೆಯಿಂದ, ಅದು ಯಾರ ಕೈಯಲ್ಲಿದೆ ಎಂದು ಪ್ರತಿ ಕಡೆಯಲ್ಲೂ ಕಾಣಬೇಕು. ಅದಕ್ಕೇ ಹಡಗು ನಡೆಸುವ ಬ್ರಿಡ್ಜ್‌ನಿಂದ ಎಂಜಿನ್ ಕಂಟ್ರೋಲ್ ರೂಮಿಗೆ ಹಿಡಿತ ಕೊಡುವಾಗ ಸಾಮಾನ್ಯವಾಗಿ ಗುಂಡಿ ಮಿನುಗುತ್ತದೆ, ಬಜರ್ ಕೂಗುತ್ತದೆ. ಆಚೆಯವರು ಒತ್ತಿ ಒಪ್ಪಿಕೊಳ್ಳುವವರೆಗೂ ನಿಲ್ಲುವುದಿಲ್ಲ. ಕಿರಿಕಿರಿಯೇ, ಆದರೆ ಬೇಕಾದ ಕಿರಿಕಿರಿ.

ಅಮೆರಿಕದ ನೌಕಾಪಡೆ 2019ರಲ್ಲಿ ಟಚ್‌ಸ್ಕ್ರೀನ್ ಥ್ರಾಟಲ್ ಬಿಟ್ಟು ಕೈಯಲ್ಲಿ ಹಿಡಿಯುವ ಲಿವರ್‌ಗಳಿಗೇ ಮರಳಲು ತೀರ್ಮಾನಿಸಿತು. ಎರಡು ಲಿವರ್ ಜೊತೆಗಿವೆಯೋ, ಒಂದು ಹಿಂದೆ ಉಳಿದಿದೆಯೋ ಎಂಬುದು ಕತ್ತಲ ಬ್ರಿಡ್ಜ್‌ನಲ್ಲೂ ಅಂಗೈಗೆ ತಿಳಿಯುತ್ತದೆ.