ಯಾವ ಥರ್ಮಲ್ ಪೇಸ್ಟ್ ಹಚ್ಚಬೇಕು?

"ಸಾರ್, ಯಾವ ಪೇಸ್ಟ್ ಒಳ್ಳೇದು?" ಎಂದು, ಪ್ರೊಸೆಸರ್‌ಗೂ ಅದರ ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಗ್ಗೆ ಕೇಳುವವರಿಗೆ ನಾನು ಮೊದಲು ಹಾಕುವ ಮರುಪ್ರಶ್ನೆ ಒಂದೇ: "ಅದನ್ನ ಯಾವುದರ ಮೇಲೆ ಹಚ್ತೀರಿ?" ಡೆಸ್ಕ್‌ಟಾಪ್ ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೋ, ಲ್ಯಾಪ್‌ಟಾಪ್ ಒಳಗೆ ಮುಚ್ಚಳವಿಲ್ಲದೆ ಕೂತಿರುವ ಬರಿಯ ಸಿಲಿಕಾನ್ ತುಣುಕಿನ ಮೇಲೋ? ಹೆಚ್ಚಿನವರು ಅಷ್ಟು ಹೊತ್ತಿಗೆ ಪೇಸ್ಟ್ ಕೊಂಡೇ ಬಂದಿರುತ್ತಾರೆ. ಪೊಟ್ಟಣಗಳ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ 8.5, 12.5, 14 ಎಂಬ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ದೊಡ್ಡದನ್ನು ಆರಿಸಿರುತ್ತಾರೆ. ಇಷ್ಟು ವರ್ಷ ರಿಪೇರಿ ಮೇಜಿನ ಮುಂದೆ ಕೂತ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಆ ಅಂಕಿಯನ್ನು ಕೊನೆಗೆ ನೋಡಿದರೆ ಸಾಕು.

ಅಂಕಿ ಹೇಳುವುದು ಉಷ್ಣವಾಹಕತೆಯನ್ನು, ಅಂದರೆ ಶಾಖ ಎಷ್ಟು ಸರಾಗವಾಗಿ ಹಾಯುತ್ತದೆ ಎಂಬುದನ್ನು (ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕ). ಗಾಳಿಯದ್ದು ಸುಮಾರು 0.026, ತಾಮ್ರದ್ದು 400ರ ಆಸುಪಾಸು. ಪ್ರೊಸೆಸರ್‌ನ ಮೈ, ಹೀಟ್‌ಸಿಂಕ್‌ನ ತಳ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಡಿ ತಗ್ಗುದಿಣ್ಣೆಗಳೇ. ಒಂದರ ಮೇಲೊಂದು ಒತ್ತಿದಾಗ ಲೋಹಕ್ಕೆ ಲೋಹ ತಾಗುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ, ಉಳಿದೆಡೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಯನ್ನು ಹೊರದಬ್ಬಿ ಜಾಗ ತುಂಬುವುದಷ್ಟೇ ಪೇಸ್ಟ್‌ನ ಕೆಲಸ. ಹೆಚ್ಚಿನ ಪೇಸ್ಟ್‌ಗಳು ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್‌ನಂಥ ನಯವಾದ ಪುಡಿ ಕಲಸಿ ಮಾಡಿದವು. ಗಾಳಿಗೆ ಹೋಲಿಸಿದರೆ ನೂರಾರು ಪಟ್ಟು ಮೇಲು, ತಾಮ್ರಕ್ಕೆ ಹೋಲಿಸಿದರೆ ಹತ್ತಾರು ಪಟ್ಟು ಕೀಳು. ಹಾಗಾಗಿ ಪದರ ತೆಳುವಾದಷ್ಟೂ ಒಳ್ಳೆಯದು.

ಎಷ್ಟು ಒಳ್ಳೆಯದು ಎಂಬುದಕ್ಕೆ ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ಪದರದ ದಪ್ಪ 50 ಮೈಕ್ರಾನ್ ಇರಲಿ, ಕೂದಲೆಳೆಗಿಂತ ಸ್ವಲ್ಪ ತೆಳು. ಡೆಸ್ಕ್‌ಟಾಪ್ ಪ್ರೊಸೆಸರ್‌ನ ಮುಚ್ಚಳದ ವಿಸ್ತೀರ್ಣ ಸುಮಾರು 10 ಚದರ ಸೆಂಟಿಮೀಟರ್ ಎಂದುಕೊಳ್ಳಿ, ಅದರ ಮೂಲಕ 100 ವ್ಯಾಟ್ ಶಾಖ ಸಮವಾಗಿ ಹಾಯಲಿ. ವಾಹಕತೆ 5 ಇರುವ ಪೇಸ್ಟ್‌ನಲ್ಲಿ ಆ ಪದರ ದಾಟಲು ಬೇಕಾಗುವ ಉಷ್ಣಾಂಶದ ವ್ಯತ್ಯಾಸ 1 ಡಿಗ್ರಿ. ವಾಹಕತೆ 10 ಇದ್ದರೆ ಅರ್ಧ ಡಿಗ್ರಿ. ವಾಸ್ತವದಲ್ಲಿ ಶಾಖ ಮುಚ್ಚಳದ ನಡುಭಾಗದಲ್ಲೇ ದಟ್ಟವಾಗಿರುವುದರಿಂದ ವ್ಯತ್ಯಾಸ ಇನ್ನಷ್ಟು ಇರುತ್ತದೆ. ಆದರೂ ಎರಡು ಒಳ್ಳೆಯ ಪೇಸ್ಟ್‌ಗಳ ನಡುವೆ ನಾನು ಅಳೆದಾಗ ಸಿಗುವುದು ಎರಡು ಮೂರು ಡಿಗ್ರಿ ಅಷ್ಟೆ.

ಈಗ ಲ್ಯಾಪ್‌ಟಾಪ್‌ಗೆ ಬನ್ನಿ. ಬರಿಯ ಸಿಲಿಕಾನ್ ತುಣುಕು, ವಿಸ್ತೀರ್ಣ ಒಂದೂವರೆ ಚದರ ಸೆಂಟಿಮೀಟರ್, ಹಾಯುವ ಶಾಖ 60 ವ್ಯಾಟ್. ಅದೇ ದಪ್ಪಕ್ಕೆ ಮೊದಲ ಪೇಸ್ಟ್‌ನಲ್ಲಿ 4 ಡಿಗ್ರಿ, ಎರಡನೆಯದರಲ್ಲಿ 2. ಇನ್ನೊಂದು ವಿಷಯ ಗಮನಿಸಿ: ಆ ಎರಡನೆಯ ಪೇಸ್ಟ್ ಗಟ್ಟಿಯಾಗಿದ್ದು, ಲ್ಯಾಪ್‌ಟಾಪ್‌ನ ಪುಟ್ಟ ಸ್ಪ್ರಿಂಗ್ ಸ್ಕ್ರೂಗಳ ಒತ್ತಡಕ್ಕೆ 50ರ ಬದಲು 100 ಮೈಕ್ರಾನ್‌ಗೇ ನಿಂತುಬಿಟ್ಟರೆ ಅಲ್ಲೂ 4 ಡಿಗ್ರಿಯೇ. ದುಪ್ಪಟ್ಟು ಅಂಕಿಗೆ ಕೊಟ್ಟ ಹಣ ದುಪ್ಪಟ್ಟು ದಪ್ಪದಲ್ಲಿ ಹೋಯಿತು. ಪದರ ಎಷ್ಟು ತೆಳುವಾಗಬಲ್ಲದು ಎಂಬುದನ್ನು ಪುಡಿಯ ಅತಿ ದೊಡ್ಡ ಕಣ, ಪೇಸ್ಟ್‌ನ ಮಂದತನ, ಹೀಟ್‌ಸಿಂಕ್‌ನ ಒತ್ತಡ ಸೇರಿ ತೀರ್ಮಾನಿಸುತ್ತವೆ. ಇದರ ಸುದ್ದಿ ಪೊಟ್ಟಣದ ಮುಂಬದಿಯಲ್ಲಿ ಇರುವುದಿಲ್ಲ.

ಅಂಕಿಯನ್ನು ಅಳೆಯುವ ಬಗೆಯೂ ಎಲ್ಲರದೂ ಒಂದೇ ಅಲ್ಲ. ಎಎಸ್‌ಟಿಎಂ ಡಿ5470 ಎಂಬ ಪ್ರಮಾಣಿತ ವಿಧಾನವಿದೆ. ಅದರಲ್ಲಿಯೂ ಒತ್ತಡ, ದಪ್ಪ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಹಾಗಾಗಿ ಬೇರೆ ಬೇರೆ ತಯಾರಕರ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹೆಸರೇ ಕೇಳದ ತಯಾರಕರ ಮಾಮೂಲಿ ಬೂದು ಪೇಸ್ಟ್ 15ಕ್ಕಿಂತ ಹೆಚ್ಚು ಎಂದು ಹೇಳಿಕೊಂಡರೆ ನಾನಂತೂ ನಂಬುವುದಿಲ್ಲ.

ನನಗೆ ಪಾಠ ಕಲಿಸಿದ್ದು ಒಂದು ಲ್ಯಾಪ್‌ಟಾಪ್. ಅದರ ಒಡೆಯರಿಗೆ ದಿನವಿಡೀ ವಿಡಿಯೊ ಎಡಿಟಿಂಗ್ ಕೆಲಸ. ಫ್ಯಾನ್ ಅರಚಿಕೊಳ್ಳುತ್ತದೆ ಎಂದು ತಂದಾಗ, ಒಳ್ಳೆಯದನ್ನೇ ಹಾಕೋಣವೆಂದು ದೊಡ್ಡ ಅಂಕಿಯ, ನೀರುನೀರಾದ, ಸುಲಭವಾಗಿ ಹರಡುವ ಪೇಸ್ಟ್ ಹಚ್ಚಿ ಕಳಿಸಿದೆ. ಮೊದಲ ವಾರ ಅವರಿಗೆ ಬಹಳ ಖುಷಿ. ನಾಲ್ಕನೆಯ ತಿಂಗಳಿಗೆ ಮತ್ತೆ ಬಂದರು, ಫ್ಯಾನ್ ಮೊದಲಿನಂತೆಯೇ ಅರಚುತ್ತಿತ್ತು. ಬಿಚ್ಚಿ ನೋಡಿದರೆ ಸಿಲಿಕಾನ್‌ನ ನಡುಭಾಗ ಫಳಫಳ ಹೊಳೆಯುತ್ತಿದೆ, ಪೇಸ್ಟ್ ಎಲ್ಲ ಅಂಚಿಗೆ ಹೋಗಿ ಚೌಕಟ್ಟಿನ ಹಾಗೆ ಕೂತಿದೆ. ಒಣಗಿರಲೂ ಇಲ್ಲ, ಜಾಗ ಬಿಟ್ಟು ಹೋಗಿತ್ತು.

ಇದಕ್ಕೆ ಪಂಪ್‌ಔಟ್ ಎನ್ನುತ್ತಾರೆ. ಬಿಸಿಯಾದಾಗ ತಾಮ್ರ ಹಿಗ್ಗುವುದು ಸಿಲಿಕಾನ್ ಹಿಗ್ಗುವುದರ ಸುಮಾರು ಆರು ಪಟ್ಟು. ಪ್ರತಿ ಸಲ ಬಿಸಿಯಾಗಿ ತಣಿದಾಗ ಎರಡೂ ಮೈಗಳು ಒಂದರ ಮೇಲೊಂದು ಕೂದಲೆಳೆಯ ದಪ್ಪಕ್ಕಿಂತ ಬಹಳ ಕಡಿಮೆಯಾದರೂ ಜರುಗುತ್ತವೆ, ಬಾಗುತ್ತವೆ, ನಡುವಿನ ಸಂದು ಹಿರಿದು ಕಿರಿದಾಗುತ್ತದೆ. ತೆಳ್ಳಗಿನ ಪೇಸ್ಟ್ ಆ ತಿದಿ ಒತ್ತಿದಂಥ ಚಲನೆಗೆ ಸ್ವಲ್ಪ ಸ್ವಲ್ಪವೇ ಹೊರಕ್ಕೆ ಹೋಗುತ್ತದೆ. ದಿನಕ್ಕೆ ಹತ್ತಾರು ಬಾರಿ 45ರಿಂದ 95 ಡಿಗ್ರಿಗೆ ಏರಿಳಿಯುವ ಯಂತ್ರದಲ್ಲಿ ತಿಂಗಳುಗಳೊಳಗೇ ಈ ಗತಿ. ಅಂದಿನಿಂದ ಮುಚ್ಚಳವಿಲ್ಲದ ಚಿಪ್‌ಗಳಿಗೆ, ಅಂದರೆ ಲ್ಯಾಪ್‌ಟಾಪ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ, ನಾನು ಪೇಸ್ಟ್ ಎಷ್ಟು ತಂಪು ಮಾಡುತ್ತದೆ ಎನ್ನುವುದಕ್ಕಿಂತ ಮೊದಲು ಎಷ್ಟು ದಿನ ಜಾಗದಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಬೆರಳಿಗೆ ಅಂಟಾಗಿ ಹತ್ತುವ ಮಂದ ಪೇಸ್ಟ್ ಆರಿಸುತ್ತೇನೆ. ಹಚ್ಚಲು ತ್ರಾಸ, ಹರಡುವ ಮೊದಲು ಸಿರಿಂಜ್ ಅನ್ನು ಅಂಗೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಬೇಕು. ಆ ತ್ರಾಸಕ್ಕೆ ಬೆಲೆಯಿದೆ.

ಇನ್ನೂ ಚೆನ್ನಾದದ್ದು ಫೇಸ್ ಚೇಂಜ್ ಹಾಳೆ. ಹನಿವೆಲ್ ಕಂಪನಿಯ ಪಿಟಿಎಂ7950 ಇವುಗಳಲ್ಲಿ ಹೆಸರಾದದ್ದು. ಕೋಣೆಯ ಉಷ್ಣಾಂಶದಲ್ಲಿ ಮೇಣದ ಹಾಳೆಯ ಹಾಗೆ ಇರುತ್ತದೆ, 45 ಡಿಗ್ರಿ ಹತ್ತಿರ ಬಂದಾಗ ಮೆತ್ತಗಾಗಿ ಹರಿದು ಸಂದು ತುಂಬುತ್ತದೆ, ತಣಿದಾಗ ಮತ್ತೆ ಬಿಗಿಯಾಗುತ್ತದೆ. ಅದರ ವಾಹಕತೆ 8.5 ಎಂದು ತಯಾರಕರು ಹೇಳುತ್ತಾರೆ, 12.5ರ ಪೇಸ್ಟ್ ಪಕ್ಕದಲ್ಲಿ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳದ ಅಂಕಿ. ಆದರೆ ಹಚ್ಚಿದ ದಿನ ಇದ್ದಂತೆಯೇ ತುಂಬಾ ಕಾಲ ಇರುತ್ತದೆ. ಎರಡೂ ಬದಿಯ ತೆಳು ಪ್ಲಾಸ್ಟಿಕ್ ಪೊರೆ ಸುಲಿಯುವಾಗ ಹಾಳೆಯೇ ಕಿತ್ತು ಬರುವುದುಂಟು, ಅದಕ್ಕೆ ಕೆಲವು ನಿಮಿಷ ಫ್ರಿಜ್‌ನಲ್ಲಿಟ್ಟು ಆಮೇಲೆ ಸುಲಿಯಿರಿ. ಹಾಕಿದ ಕೂಡಲೇ ಅಳೆದು ನಿರಾಶರಾಗಬೇಡಿ. ಕೆಲವು ಬಾರಿ ಚೆನ್ನಾಗಿ ಕಾದು ತಣಿದ ಮೇಲೆ ಅದರ ನಿಜವಾದ ಗುಣ ಕಾಣುತ್ತದೆ.

ಇದನ್ನು ಥರ್ಮಲ್ ಪ್ಯಾಡ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಪ್ಯಾಡ್ ಅಂದರೆ ಮೆಮೊರಿ ಚಿಪ್, ವಿದ್ಯುತ್ ಸರಬರಾಜಿನ ಭಾಗಗಳ ಮೇಲೆ ಇರುವ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ದಪ್ಪದ ರಬ್ಬರಿನಂಥ ತುಂಡು. ಅದನ್ನು ಕಿತ್ತು ಆ ಜಾಗಕ್ಕೆ ಪೇಸ್ಟ್ ಹಚ್ಚಿದವರ ಕಾರ್ಡ್‌ಗಳು ನನ್ನ ಬಳಿ ಬಂದಿವೆ, ಅಲ್ಲಿ ಪೇಸ್ಟ್‌ಗೆ ಹೀಟ್‌ಸಿಂಕ್ ತಾಗಿರಲೇ ಇಲ್ಲ. ಅಗತ್ಯಕ್ಕಿಂತ ದಪ್ಪದ ಪ್ಯಾಡ್ ಹಾಕಿದರೂ ಅಪಾಯವೇ: ಹೀಟ್‌ಸಿಂಕ್ ಮೇಲೆದ್ದು ಮುಖ್ಯ ಚಿಪ್‌ನಿಂದಲೇ ದೂರವಾಗುತ್ತದೆ.

ಮುಚ್ಚಳವಿರುವ ಡೆಸ್ಕ್‌ಟಾಪ್ ಪ್ರೊಸೆಸರ್‌ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಆರ್ಕ್ಟಿಕ್ ಎಂಎಕ್ಸ್-4, ನಾಕ್ಟುವಾ ಎನ್‌ಟಿ-ಎಚ್1 ಥರದ, ವಿದ್ಯುತ್ ಹಾಯಿಸದ, ಬಹುಕಾಲ ಬಾಳುವ ಯಾವುದಾದರೂ ಸಾಕು. ಕ್ಯಾಬಿನೆಟ್‌ನಲ್ಲಿ ಗಾಳಿ ಸರಿಯಾಗಿ ಆಡುವಂತೆ ಮಾಡಿದರೆ ಪೇಸ್ಟ್ ಬದಲಿಸಿ ಪಡೆಯುವುದಕ್ಕಿಂತ ಹೆಚ್ಚು ಸಿಗುತ್ತದೆ. ಕೆಲವು ಬಿಸಿಯನ್ನು ಯಾವ ಪೇಸ್ಟ್ ಕೂಡ ಇಳಿಸಲಾರದು. ಇಂಟೆಲ್ 2012ರ ಐವಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ ಮುಚ್ಚಳದ ಕೆಳಗೆ ಬೆಸುಗೆಯ ಬದಲು ಪೇಸ್ಟ್ ಬಳಸತೊಡಗಿತು. ಶಾಖ ಅಲ್ಲೇ ತಡೆದು ನಿಲ್ಲುತ್ತಿದ್ದುದರಿಂದ ಮೇಲೆ ಏನು ಹಚ್ಚಿದರೂ ಹೆಚ್ಚು ಲಾಭವಿರಲಿಲ್ಲ, ಉತ್ಸಾಹಿಗಳು ಮುಚ್ಚಳವನ್ನೇ ಎಬ್ಬಿಸಲು ಶುರು ಮಾಡಿದ್ದು ಆಗ. 2018ರಲ್ಲಿ ಬಂದ ಒಂಬತ್ತನೆಯ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳಲ್ಲಿ ಬೆಸುಗೆ ಮರಳಿತು. ಇನ್ನು 2022ರ ರೈಜನ್ 7000 ಸರಣಿ ಇದೆ. ಪೂರ್ತಿ ದುಡಿಯುವಾಗ 95 ಡಿಗ್ರಿವರೆಗೆ ಏರಿ ಅಲ್ಲೇ ನಿಂತು ಕೆಲಸ ಮಾಡುವಂತೆ ಎಎಂಡಿ ಅದನ್ನು ರೂಪಿಸಿದೆ. ಆ 95 ನೋಡಿ ಗಾಬರಿಯಾಗಿ ಮೂರು ಸಲ ಪೇಸ್ಟ್ ಬದಲಿಸಿ ಬಂದವರಿದ್ದಾರೆ. ಅವರಿಗೆ ನಾನು ಹೇಳುವುದು: ತಂಪು ಹೆಚ್ಚಾದರೆ ಆ ಪ್ರೊಸೆಸರ್ ಅದನ್ನು ತನ್ನ ವೇಗ ಹೆಚ್ಚಿಸಲು ಬಳಸಿಕೊಳ್ಳುತ್ತದೆ, ಡಿಗ್ರಿ ಅಲ್ಲೇ ಇರಬಹುದು.

ದ್ರವಲೋಹದ ಬಗ್ಗೆ ಕೇಳುವವರು ಈಗೀಗ ಹೆಚ್ಚು. ಗ್ಯಾಲಿಯಂ ಕರಗುವುದು 29.76 ಡಿಗ್ರಿಯಲ್ಲಿ. ಅದಕ್ಕೆ ಇಂಡಿಯಂ, ತವರ ಬೆರೆಸಿದರೆ ಕೋಣೆಯ ಉಷ್ಣಾಂಶದಲ್ಲೇ ಪಾದರಸದಂತೆ ಹರಿಯುತ್ತದೆ. ಶಾಖ ದಾಟಿಸುವುದರಲ್ಲಿ ಪೇಸ್ಟ್‌ಗಳಿಗಿಂತ ಬಹಳ ಮುಂದೆ, 2020ರ ಪ್ಲೇಸ್ಟೇಷನ್ 5ರಲ್ಲಿ ಸೋನಿ ಬಳಸಿರುವುದು ಇದನ್ನೇ. ಅಲ್ಲಿ ದ್ರವ ಆಚೆ ಹರಿಯದಂತೆ ಸುತ್ತ ಕಟ್ಟೆ ಕಟ್ಟಿ, ಕಾರ್ಖಾನೆಯಲ್ಲಿ ಯಂತ್ರಗಳಿಂದ ತುಂಬಿದ್ದಾರೆ. ಮನೆಯಲ್ಲಿ ಕೈಯಿಂದ ಹಾಕಿದಾಗ ಒಂದು ಹನಿ ಜಾರಿ ಪಕ್ಕದ ಪುಟ್ಟ ಕೆಪಾಸಿಟರ್‌ಗಳ ಮೇಲೆ ಬಿದ್ದರೆ ಶಾರ್ಟ್ ಆಗಿ ಬೋರ್ಡ್ ಸುಟ್ಟುಹೋಗಬಹುದು. ಹೀಟ್‌ಸಿಂಕ್ ಅಲ್ಯೂಮಿನಿಯಂ ಆಗಿದ್ದರೆ ಗ್ಯಾಲಿಯಂ ಅದರ ಕಣಕಣದ ನಡುವೆ ಇಳಿದು ಲೋಹವನ್ನೇ ಪುಡಿಪುಡಿ ಮಾಡುತ್ತದೆ. ಬರಿಯ ತಾಮ್ರವೂ ಅದನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ನಿಕ್ಕಲ್ ಲೇಪನ ಇದ್ದರೆ ತಡೆಯುತ್ತದೆ. ಚೀಲದಲ್ಲಿ ಹಾಕಿಕೊಂಡು ಓಡಾಡುವ ಲ್ಯಾಪ್‌ಟಾಪ್‌ಗೆ ನಾನು ಇದನ್ನು ಹಾಕಿಕೊಡುವುದಿಲ್ಲ, ಎಷ್ಟೇ ಒತ್ತಾಯಿಸಿದರೂ.

ಎಷ್ಟು ಹಚ್ಚಬೇಕು? 10 ಚದರ ಸೆಂಟಿಮೀಟರ್ ಮೈಗೆ 50 ಮೈಕ್ರಾನ್ ಪದರವೆಂದರೆ ಬರೀ 0.05 ಮಿಲಿಲೀಟರ್. ಆದ್ದರಿಂದಲೇ ಸಣ್ಣ ಬಟಾಣಿ ಕಾಳಿನಷ್ಟು ಎನ್ನುವುದು. ಪ್ರೊಸೆಸರ್ ದೊಡ್ಡದಾದರೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಗೆರೆ ಎಳೆಯಿರಿ. ಮುಚ್ಚಳವಿಲ್ಲದ ಚಿಪ್‌ಗಾದರೆ ಚುಕ್ಕೆಯಿಟ್ಟು ಬಿಡದೆ, ಮೂಲೆಮೂಲೆಗೂ ತೆಳ್ಳಗೆ ಹರಡಿ. ಅಲ್ಲಿ ಖಾಲಿ ಉಳಿದ ಮೂಲೆಯ ಕೆಳಗೆ ದುಡಿಯುವ ಕೋರ್, ಅಂದರೆ ಲೆಕ್ಕ ಮಾಡುವ ಘಟಕ, ಒಂದು ಇದ್ದೀತು. ಸ್ವಲ್ಪ ಹೆಚ್ಚಾದರೆ ಅಂಚಿನಿಂದ ಹೊರಬರುತ್ತದೆ, ವಿದ್ಯುತ್ ಹಾಯಿಸದ ಪೇಸ್ಟ್ ಆದರೆ ಕೊಳಕಾಗುವುದು ಬಿಟ್ಟರೆ ತೊಂದರೆಯಿಲ್ಲ. ಕಡಿಮೆಯಾದರೆ ಮಾತ್ರ ನಿಜವಾದ ತೊಂದರೆ.

ಹಳೆಯದನ್ನು 90 ಶೇಕಡಕ್ಕೂ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಿ ತೆಗೆಯಬೇಕು. ಹೀಟ್‌ಸಿಂಕ್ ಒಮ್ಮೆ ಎತ್ತಿದರೆ, ಪೇಸ್ಟ್ ಹೊಸದಾಗಿ ಕಂಡರೂ ಅದೇ ಪದರದ ಮೇಲೆ ಮತ್ತೆ ಕೂರಿಸಬೇಡಿ, ಗಾಳಿಗುಳ್ಳೆ ಸೇರಿಕೊಳ್ಳುತ್ತದೆ. ಎಎಂ4 ಸಾಕೆಟ್‌ನ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ ಇರುವವರಿಗೆ ಒಂದು ಎಚ್ಚರಿಕೆ. ಅದರ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇವೆ. ಒಣಗಿ ಅಂಟಿಕೊಂಡ ಪೇಸ್ಟ್ ಜೊತೆ ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಮೊದಲು ಹತ್ತು ನಿಮಿಷ ಏನಾದರೂ ಭಾರಿ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ವಿದ್ಯುತ್ ವೈರ್ ತೆಗೆದು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸಿ.

ವರ್ಷಕ್ಕೊಮ್ಮೆ ಬದಲಿಸಲೇಬೇಕೆಂಬ ನಿಯಮವನ್ನು ನಾನು ಪಾಲಿಸುವುದಿಲ್ಲ. ಪೇಸ್ಟ್ ಹಚ್ಚಿದ ದಿನ ಕೋಣೆಯ ಉಷ್ಣಾಂಶ ಎಷ್ಟಿತ್ತು, ಸುಮ್ಮನಿದ್ದಾಗ ಎಷ್ಟು, ಅರ್ಧ ಗಂಟೆ ಪೂರ್ತಿ ದುಡಿಸಿದಾಗ ಎಷ್ಟು ಎಂದು ಅಳೆದು, ಪೇಸ್ಟ್‌ನ ಹೆಸರು ತಾರೀಖು ಸಮೇತ ಚೀಟಿ ಬರೆದು ಕ್ಯಾಬಿನೆಟ್‌ನ ಒಳಬದಿಗೆ ಅಂಟಿಸುತ್ತೇನೆ. ಮುಂದೊಂದು ದಿನ ಅದೇ ಕೋಣೆಯಲ್ಲಿ, ಧೂಳು ತೆಗೆದ ಮೇಲೂ, ಆ ಚೀಟಿಗಿಂತ ಏಳೆಂಟು ಡಿಗ್ರಿ ಹೆಚ್ಚು ಬಂದರೆ ಬಿಚ್ಚುವ ಹೊತ್ತಾಯಿತು ಎಂದು ತಿಳಿಯುತ್ತೇನೆ. ಐದು ವರ್ಷದ ಹಿಂದಿನ ಚೀಟಿಗೂ ಇವತ್ತಿನ ಅಳತೆಗೂ ಒಂದೇ ಡಿಗ್ರಿ ವ್ಯತ್ಯಾಸ ಇರುವ ಡೆಸ್ಕ್‌ಟಾಪ್ ಒಂದು ಹೋದ ವಾರ ಬಂದಿತ್ತು. ಧೂಳು ಒರೆಸಿ, ಪೇಸ್ಟ್ ಮುಟ್ಟದೆ ವಾಪಸ್ ಕೊಟ್ಟೆ.