ಛಲೋ ಇದ್ದೀನ್ರೀ ಅಂದರೆ ನೂರಕ್ಕೆ ಎಷ್ಟು?

ಆಸ್ಪತ್ರೆಗೆ ಹೋದರೆ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಮೊಣಕಾಲು ನೋವು ಅಂದರೆ ಎಕ್ಸ್‌ರೇ ತೆಗೆಸಿ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಸವೆದಿದ್ದು ಕಾಣುತ್ತದೆ. ಎಕ್ಸ್‌ರೇ ತೆಗೆಸಿಕೊಂಡ ಹೆಂಗಸಿಗೆ ಬೆಳಿಗ್ಗೆ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯಲು ಆಗುತ್ತದೋ ಇಲ್ಲವೋ ಅನ್ನುವುದು ಕಾಣುವುದಿಲ್ಲ. ಎಕ್ಸ್‌ರೇಗೂ ನೋವಿಗೂ ಎಷ್ಟೋ ಸಲ ತಾಳೆ ಬೀಳುವುದಿಲ್ಲ, ಇದು ಮೂಳೆ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತು. ಫಿಲ್ಮಿನಲ್ಲಿ ಪೂರಾ ಸವೆದು ಕಂಡವರು ತೊಗರಿ ಹೊಲದಲ್ಲಿ ಕಸ ತೆಗೆಯುತ್ತಿರುತ್ತಾರೆ. ಅಷ್ಟೇನೂ ಸವೆಯದವರು ಗೋಡೆ ಹಿಡಿಯದೆ ಏಳುವುದಿಲ್ಲ.

ಹಾಗಾದರೆ ಬದುಕು ಎಷ್ಟು ಸಲೀಸಾಗಿ ನಡೆಯುತ್ತಿದೆ ಅನ್ನುವುದನ್ನು ಅಳೆಯುವುದು ಹೇಗೆ? ಇದಕ್ಕೆ ವಿಜ್ಞಾನದಲ್ಲಿ ‘ಆರೋಗ್ಯ ಸಂಬಂಧಿ ಜೀವನ ಗುಣಮಟ್ಟ’ ಎಂದು ಹೆಸರು. ಹೆಸರು ಭಾರಿ ಇದೆ, ವಿಧಾನ ಸಾದಾ. ಜನರನ್ನೇ ಕೇಳುವುದು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಉತ್ತರಕ್ಕೆ ಅಂಕ.

ಇಂಥ ಪ್ರಶ್ನೆಪಟ್ಟಿಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಇಕ್ಯೂ-5ಡಿ. ಯುರೋಪಿನ ಸಂಶೋಧಕರ ಗುಂಪೊಂದು 1987ರಲ್ಲಿ ಸೇರಿ ಇದರ ಕೆಲಸ ಶುರು ಮಾಡಿತು. ಕೇಳುವುದು ಐದೇ ವಿಷಯ: ಓಡಾಟ, ಸ್ನಾನ–ಬಟ್ಟೆಯಂಥ ಸ್ವಂತ ಕೆಲಸ, ದಿನದ ಮಾಮೂಲಿ ಕೆಲಸ, ನೋವು, ಚಿಂತೆ–ಬೇಸರ. ಈಗಿನ ರೂಪದಲ್ಲಿ ಒಂದೊಂದಕ್ಕೂ ಐದು ಮಟ್ಟ. ತೊಂದರೆ ಇಲ್ಲ ಅಂದರೆ 1, ಆಗುವುದೇ ಇಲ್ಲ ಅನ್ನುವಷ್ಟು ಕಷ್ಟ ಇದ್ದರೆ 5. ಒಬ್ಬರ ಆರೋಗ್ಯ ಹೀಗೆ ಐದಂಕಿಯ ಸಂಖ್ಯೆ ಆಗುತ್ತದೆ. 11111 ಅಂದರೆ ಯಾವ ತಾಪತ್ರಯವೂ ಇಲ್ಲ. 21232 ಅಂದರೆ ಓಡಾಟ ಸ್ವಲ್ಪ ಕಷ್ಟ, ಸ್ನಾನಕ್ಕೆ ತೊಂದರೆ ಇಲ್ಲ, ಕೆಲಸ ಸ್ವಲ್ಪ ಕಷ್ಟ, ನೋವು ಮಧ್ಯಮ, ಚಿಂತೆ ಸ್ವಲ್ಪ. ಒಟ್ಟು 3,125 ಬಗೆಯ ಸ್ಥಿತಿಗಳು ಸಾಧ್ಯ. ಕೊನೆಗೆ ಸೊನ್ನೆಯಿಂದ ನೂರರವರೆಗಿನ ಒಂದು ಪಟ್ಟಿ ತೋರಿಸಿ ‘ಇವತ್ತು ನಿಮ್ಮ ಆರೋಗ್ಯ ನೂರಕ್ಕೆ ಎಷ್ಟು?’ ಎಂದು ಕೇಳುತ್ತಾರೆ.

ಆ ಐದಂಕಿಯನ್ನು ಒಂದೇ ಅಂಕ ಮಾಡುವುದು ಇನ್ನೊಂದು ಹಂತ. ಸಾಮಾನ್ಯ ಜನರನ್ನು ಕೂರಿಸಿಕೊಂಡು ಒಂದು ಇಕ್ಕಟ್ಟಿನ ಪ್ರಶ್ನೆ ಹಾಕುತ್ತಾರೆ. ‘ಇಂಥ ಸ್ಥಿತಿಯಲ್ಲಿ 10 ವರ್ಷ ಬದುಕುತ್ತೀರೋ, ಅಥವಾ ಪೂರ್ತಿ ಆರೋಗ್ಯವಾಗಿ ಅದಕ್ಕಿಂತ ಕಡಿಮೆ ವರ್ಷವೋ?’ ಪೂರ್ತಿ ಆರೋಗ್ಯದ 8 ವರ್ಷವೂ ಈ 10 ವರ್ಷವೂ ಎರಡೂ ಒಂದೇ ಅಂತ ಯಾರಾದರೂ ಅಂದರೆ ಆ ಸ್ಥಿತಿಯ ಬೆಲೆ 0.8. ಭಾರತದಲ್ಲೂ ಐದು ರಾಜ್ಯಗಳ 3,548 ಜನರನ್ನು ಕೇಳಿ ಇಂಥ ಬೆಲೆಪಟ್ಟಿ ಮಾಡಿದ್ದಾರೆ. 2022ರಲ್ಲಿ ಪ್ರಕಟವಾಯಿತು. ಅದರಲ್ಲಿ ಪೂರ್ತಿ ಆರೋಗ್ಯಕ್ಕೆ 1, ಸಾವಿಗೆ ಸೊನ್ನೆ. 55555 ಸ್ಥಿತಿಗೆ ಸೊನ್ನೆಗಿಂತ ಕೆಳಗೆ, ಮೈನಸ್ 0.923. ಅಂದರೆ ಇದಕ್ಕಿಂತ ಸಾವೇ ವಾಸಿ ಅಂತ ಜನ ಲೆಕ್ಕ ಹಾಕಿದ್ದಾರೆ.

ಈ ಬೆಲೆಯನ್ನು ವರ್ಷಗಳಿಂದ ಗುಣಿಸಿ ಯಾವ ಚಿಕಿತ್ಸೆಯಿಂದ ಎಷ್ಟು ಲಾಭ ಎಂದು ನೋಡುತ್ತಾರೆ. ಯಾವುದಕ್ಕೆ ಸರ್ಕಾರಿ ದುಡ್ಡು ಹಾಕಬೇಕು ಅನ್ನುವ ಚರ್ಚೆಯಲ್ಲಿ ಈ ಲೆಕ್ಕ ಬರುತ್ತದೆ. ಹಾಗಾಗಿ ಇದು ಸುಮ್ನೆ ಕಾಗದದ ಮೇಲಿನ ಆಟ ಅಲ್ಲ.

ಈಗ ಈ ಪ್ರಶ್ನೆಪಟ್ಟಿ ಹಿಡಿದು ಕಲಬುರಗಿ ಜಿಲ್ಲೆಯ ಆಳಂದ ಕಡೆಯ ಒಂದು ಹಳ್ಳಿಗೆ ಹೋಗೋಣ. ಶಹಾಬಾದ್ ಕಲ್ಲು ಹಾಸಿದ ಪಡಸಾಲೆ. ಅರವತ್ತು ದಾಟಿದ ಹೆಂಗಸು ತೊಗರಿ ಹಸನು ಮಾಡುತ್ತಾ ಕೂತಿದ್ದಾಳೆ. ಕೇಳಲು ಬಂದ ಹುಡುಗಿ ಕೇಳುತ್ತಾಳೆ: ‘ಎವ್ವಾ, ಇವತ್ತು ಮೈಯಾಗ ನೋವು ಎಷ್ಟದ? ಇಲ್ಲೇ ಇಲ್ಲಾ, ಸ್ವಲ್ಪ ಅದ, ಮಧ್ಯಮ ಅದ, ಭಾಳ ಅದ, ತಡಕೊಳ್ಳಾಕ ಆಗದಷ್ಟ ಅದ?’ ಉತ್ತರ ಬರುತ್ತದೆ: ‘ನೋವೇನ್ ತಂಗಿ, ಇದ್ದದ್ದೇ. ಛಲೋ ಇದ್ದೀನಿ ಬರ್ಕೊ.’ ಹುಡುಗಿ 1 ಅಂತ ಬರೆದುಕೊಳ್ಳುತ್ತಾಳೆ. ಆಮೇಲೆ ಚಹಾ ಮಾಡಲು ಆ ಹೆಂಗಸು ಏಳುತ್ತಾಳಲ್ಲ, ಮೊದಲು ಒಂದು ಕೈ ನೆಲಕ್ಕೆ ಊರುತ್ತಾಳೆ, ಇನ್ನೊಂದು ಕೈ ಕಂಬಕ್ಕೆ ಹೋಗುತ್ತದೆ, ಎದ್ದ ಮೇಲೂ ಎರಡು ಗಳಿಗೆ ಅಲ್ಲೇ ನಿಂತು ಮೊಣಕಾಲು ಸಡಿಲ ಮಾಡಿಕೊಂಡೇ ಹೆಜ್ಜೆ ಇಡುತ್ತಾಳೆ. ಇದು ಪಟ್ಟಿಯಲ್ಲಿ ಎಲ್ಲೂ ಬರೆಯುವ ಹಾಗಿಲ್ಲ.

ಆಕೆ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಈ ವಯಸ್ಸಿಗೆ ಇಷ್ಟು ನೋವು ಇರುವುದೇ ಸರಿ. ಅವ್ವನಿಗೂ ಇತ್ತು, ಅತ್ತೆಗೂ ಇತ್ತು.

ಇದಕ್ಕೆ ಹಳೆಯ ಸಾಕ್ಷಿಯೊಂದಿದೆ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕೋಲ್ಕತ್ತಾ ಹತ್ತಿರದ ಸಿಂಗೂರಿನಲ್ಲಿ ಗಂಡ ಸತ್ತವರನ್ನೂ ಹೆಂಡತಿ ಸತ್ತವರನ್ನೂ ಆರೋಗ್ಯದ ಬಗ್ಗೆ ಕೇಳಿದ್ದರು. ಆರೋಗ್ಯ ಸರಿ ಇಲ್ಲ ಅಥವಾ ಅಷ್ಟಕ್ಕಷ್ಟೇ ಅಂದ ಗಂಡಸರು ಶೇಕಡಾ 48.5. ವಿಧವೆಯರಲ್ಲಿ ಹಾಗೆ ಅಂದವರು ಶೇಕಡಾ 2.5. ಆ ಕಾಲದ ಬಂಗಾಳದಲ್ಲಿ ವಿಧವೆಯರು ಗಂಡಸರಿಗಿಂತ ಗಟ್ಟಿಮುಟ್ಟಾಗಿದ್ದರು ಅಂತ ನಂಬುವವರು ಯಾರು? ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಅಂಕಿಗಳನ್ನು ಎತ್ತಿ ತೋರಿಸಿದರು. 2002ರಲ್ಲಿ ಅವರೇ ಇನ್ನೊಂದು ಹೋಲಿಕೆ ಮುಂದಿಟ್ಟರು. ಕೇರಳದಲ್ಲಿ ಜನರ ಆಯಸ್ಸು ಜಾಸ್ತಿ, ತನಗೆ ಕಾಯಿಲೆ ಇದೆ ಎಂದು ಹೇಳಿಕೊಳ್ಳುವವರೂ ಜಾಸ್ತಿ. ಬಿಹಾರದಲ್ಲಿ ಆಯಸ್ಸು ಕಡಿಮೆ, ಹೇಳಿಕೊಳ್ಳುವವರೂ ಕಡಿಮೆ. ಅಮೆರಿಕದವರು ಹೇಳಿಕೊಳ್ಳುವುದರಲ್ಲಿ ಕೇರಳವನ್ನೂ ಮೀರಿಸುತ್ತಾರೆ. ಓದು ಇದ್ದಲ್ಲಿ, ಹತ್ತಿರ ಡಾಕ್ಟರು ಇದ್ದಲ್ಲಿ ಮಂಡಿನೋವು ಒಂದು ಕಾಯಿಲೆ. ಇಲ್ಲದಲ್ಲಿ ಅದು ವಯಸ್ಸು, ಅಷ್ಟೇ.

ಕಲಬುರಗಿ ಎಪಿಎಂಸಿಯಲ್ಲಿ ಎರಡು ಅಂಗಡಿಯ ತೂಕದ ಕಲ್ಲು ಬೇರೆ ಬೇರೆ ಇದ್ದರೆ ಯಾರ ತೊಗರಿ ಜಾಸ್ತಿ ಅಂತ ಹೇಗೆ ಹೇಳುತ್ತೀರಿ? ಎರಡು ಗುಂಪಿನ ಜನರ ಅಂಕ ಪಕ್ಕಪಕ್ಕ ಇಡುವಾಗಲೂ ಇದೇ ಫಜೀತಿ.

ಆದರೆ ಇಲ್ಲೊಂದು ಎಚ್ಚರ ಬೇಕು. ಕಡಿಮೆ ದೂರುವವರೆಲ್ಲ ಸಹಿಸಿಕೊಂಡು ಕೂತವರು ಎಂದು ತೀರ್ಮಾನಿಸಿದರೆ ಅದೂ ಅನ್ಯಾಯವೇ. ಗ್ಯಾರಿ ಆಲ್ಬ್ರೆಕ್ಟ್ ಮತ್ತು ಪ್ಯಾಟ್ರಿಕ್ ಡೆವ್ಲೀಗರ್ ಎಂಬ ಸಂಶೋಧಕರು ಅಂಗವೈಕಲ್ಯ ಇರುವ 153 ಜನರನ್ನು ಮಾತಾಡಿಸಿ 1999ರಲ್ಲಿ ಅಧ್ಯಯನ ಪ್ರಕಟಿಸಿದರು. ಸಾಕಷ್ಟು ತೀವ್ರ ವೈಕಲ್ಯ ಇದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಬದುಕು ಚೆನ್ನಾಗಿದೆ, ಬಹಳ ಚೆನ್ನಾಗಿದೆ ಅಂದರು. ಹೊರಗಿನಿಂದ ನೋಡಿದವರಿಗೆ ನಂಬುವುದು ಕಷ್ಟ. ಆದರೆ ಅವರು ಬದುಕಿನ ರೀತಿಯನ್ನೇ ಬದಲಿಸಿಕೊಂಡಿದ್ದರು, ಯಾವುದು ಮುಖ್ಯ ಅನ್ನುವುದನ್ನೂ. ಡಯಾಲಿಸಿಸ್‌ನಲ್ಲಿ ಇರುವವರು ತಮ್ಮ ಬದುಕಿಗೆ ಕೊಡುವ ಅಂಕ, ಆರೋಗ್ಯವಂತರು ಅದನ್ನು ಊಹಿಸಿಕೊಂಡು ಕೊಡುವ ಅಂಕಕ್ಕಿಂತ ಮೇಲಿರುತ್ತದೆ. ನನ್ನ ಮಟ್ಟಿಗೆ, ಗಾಲಿಕುರ್ಚಿಯಲ್ಲಿ ಇರುವವರು ಚೆನ್ನಾಗಿದ್ದೇನೆ ಅಂದರೆ ನಂಬಬೇಕು. ಆಳಂದದ ಆ ಹೆಂಗಸನ್ನೂ ನಂಬಬೇಕು, ಆದರೆ ಪ್ರಶ್ನೆ ಬದಲಿಸಬೇಕು. ನೋವು ಎಷ್ಟು ಅನ್ನುವ ಬದಲು ‘ಏಳುವಾಗ ಏನಾದರೂ ಹಿಡಿಯುತ್ತೀರಾ?’ ಅಂದರೆ ಹೌದು ಅಥವಾ ಇಲ್ಲ. ಅಲ್ಲಿ ಅಭಿಪ್ರಾಯಕ್ಕೆ ಜಾಗ ಕಡಿಮೆ.

ಪಟ್ಟಿಯಲ್ಲಿ ಯಾವ ಕೆಲಸದ ಬಗ್ಗೆ ಕೇಳುತ್ತಾರೆ ಅನ್ನುವುದೂ ದೊಡ್ಡ ವಿಷಯವೇ. 1992ರಲ್ಲಿ ಬಂದ ಎಸ್‌ಎಫ್-36 ಎಂಬ ಅಮೆರಿಕದ ಪ್ರಸಿದ್ಧ ಪಟ್ಟಿಯಲ್ಲಿ ಮಧ್ಯಮ ಶ್ರಮದ ಕೆಲಸಕ್ಕೆ ಕೊಟ್ಟ ಉದಾಹರಣೆ ನೋಡಿ: ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಆಡುವುದು, ಗಾಲ್ಫ್ ಆಡುವುದು! ಚಿಂಚೋಳಿಯಲ್ಲಿ ಯಾರು ಗಾಲ್ಫ್ ಆಡಬೇಕು? ಬೇರೆ ಬೇರೆ ದೇಶಗಳಿಗೆ ಹೋದಾಗ ಇವನ್ನು ಬದಲಿಸಿಕೊಳ್ಳುತ್ತಾರೆ. ನಮ್ಮ ಕಡೆಗೆ ಬೇಕಾದ್ದು ನೆಲದ ಮೇಲೆ ಕೂತು ಏಳುವುದು, ಕೊಡ ಎತ್ತುವುದು, ಕುಕ್ಕರುಗಾಲಲ್ಲಿ ಕೂರುವುದು. ಕುರ್ಚಿ, ಮಂಚದಲ್ಲೇ ದಿನ ಕಳೆಯುವ ದೇಶದಲ್ಲಿ ಮಾಡಿದ ಪಟ್ಟಿ ಇದನ್ನು ಕೇಳದಿದ್ದರೆ, ಮಂಡಿ ಹೋದವರೂ ಇಲ್ಲಿ ಒಳ್ಳೆ ಅಂಕ ತೆಗೆಯುತ್ತಾರೆ.

ಹಾಗಾದರೆ ಬೇರೆ ಬೇರೆ ಗುಂಪುಗಳ ಅಳತೆಗೋಲು ಒಂದೇನಾ ಅಂತ ಪರೀಕ್ಷೆ ಮಾಡುವುದು ಹೇಗೆ? ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಮುಂದಿಟ್ಟ ಉಪಾಯ ನನಗೆ ಬಹಳ ಇಷ್ಟ. ಮೊದಲು ನಿಮ್ಮ ಬಗ್ಗೆ ಕೇಳುತ್ತಾರೆ. ಆಮೇಲೆ ಒಬ್ಬ ಕಲ್ಪನೆಯ ಮನುಷ್ಯನ ಕಥೆ ಹೇಳಿ ಅವನಿಗೂ ಅಂಕ ಕೊಡಿ ಅನ್ನುತ್ತಾರೆ. ನಮ್ಮ ಕಡೆಗೆ ಹೊಂದುವ ಹಾಗೆ ಒಂದು ಕಥೆ ಮಾಡೋಣ: ‘ಒಬ್ಬಾಕೆಗೆ ಕೂತು ಏಳುವಾಗ ಮೊಣಕಾಲು ಹಿಡಿಯುತ್ತವೆ. ಬಾವಿಯಿಂದ ಕೊಡ ತರುವಾಗ ದಾರಿಯಲ್ಲಿ ಎರಡು ಸಲ ಇಳಿಸುತ್ತಾಳೆ. ರಾತ್ರಿ ನೋವಿಗೆ ಒಂದೊಂದು ಸಲ ಎಚ್ಚರ ಆಗುತ್ತದೆ. ಆಕೆಗೆ ನೋವು ಎಷ್ಟು?’ ಕಥೆ ಎಲ್ಲರಿಗೂ ಒಂದೇ. ಬೆಂಗಳೂರಿನ ಆಫೀಸಿನಾಕೆ ಇದನ್ನು ಕೇಳಿ 4 ಅನ್ನಬಹುದು. ನಮ್ಮ ಹೆಂಗಸು 2 ಅನ್ನಬಹುದು. ಹಾಗಾದರೆ ಇವಳ 2 ಅವಳ 4ಕ್ಕೆ ಸಮ ಅಂತಾಯಿತು. ತನ್ನ ನೋವನ್ನೂ ಅದೇ ಕೋಲಿನಿಂದ ಅಳೆಯುತ್ತಾಳೆ ಅನ್ನುವ ನಂಬಿಕೆ ಮೇಲೆ ಹೋಲಿಕೆ ನಿಲ್ಲುತ್ತದೆ. ಆ ನಂಬಿಕೆ ಯಾವಾಗಲೂ ನಿಜ ಆಗಬೇಕಿಲ್ಲ. ಕಥೆಯಲ್ಲಿರುವವಳಿಗೆ ಮರುಗುವವರೂ ತನ್ನ ಪಾಲಿಗೆ ಗಟ್ಟಿ ಆಗುತ್ತಾರೆ.

ಇದು ಬರೀ ಲೆಕ್ಕದವರ ತಲೆಬಿಸಿ ಅನ್ನಬೇಡಿ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಮಂಡಿ ಶಸ್ತ್ರಚಿಕಿತ್ಸೆಗೆ ಮುಂಚೆ ಬೆಂಗಳೂರಿನಾಕೆಯ ಅಂಕ 0.6, ಆಮೇಲೆ 0.9. ಲಾಭ 0.3. ನಮ್ಮಾಕೆ ಮುಂಚೆಯೇ ಛಲೋ ಅಂದದ್ದಕ್ಕೆ 0.9, ಆಮೇಲೆ 0.95. ಲಾಭ 0.05. ಅದೇ ಆಪರೇಷನ್ನು, ಅದೇ ಖರ್ಚು. ಕಾಗದದ ಮೇಲೆ ಮಾತ್ರ ಕಲಬುರಗಿಯಲ್ಲಿ ದುಡ್ಡು ಹಾಕಿದ್ದು ದಂಡ. ಸಹಿಸಿಕೊಂಡವರಿಗೇ ಕಡಿಮೆ ಸಿಗುವ ಹಾಗೆ ಲೆಕ್ಕ ತಿರುಗುತ್ತದೆ.

ಯಾರು ಸಿಗುತ್ತಾರೆ ಅನ್ನುವುದೂ ಇದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೆಲಸ ಇರದು, ಬಿಸಿಲು 40 ಡಿಗ್ರಿ ದಾಟುತ್ತದೆ. ಗಟ್ಟಿ ಇದ್ದವರು ಮುಂಬಯಿ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಆಗ ಪಟ್ಟಿ ಹಿಡಿದು ಬಂದರೆ ತಾಂಡಾದಲ್ಲಿ ಸಿಗುವವರು ಮುದುಕರು, ಕಾಯಿಲೆಯವರು. ಊರಿನ ಅಂಕ ಇಳಿಯುತ್ತದೆ. ಕಲ್ಲಿನ ಗಣಿಯಲ್ಲಿ ಕೇಳಿದರೆ ಉಲ್ಟಾ, ಕೈಲಾಗದವರು ಎಂದೋ ಕೆಲಸ ಬಿಟ್ಟಿರುತ್ತಾರೆ, ಉಳಿದವರು ಗಟ್ಟಿಗರು. ಗಣಿ ಕೆಲಸ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಹಾಗೆ ಕಾಣುತ್ತದೆ. ಇಕ್ಯೂ-5ಡಿ ಕೇಳುವುದು ಇವತ್ತಿನ ಸ್ಥಿತಿ ಮಾತ್ರ. ತೊಗರಿ ರಾಶಿಯ ಹೊತ್ತಿನ ಸೊಂಟನೋವು ಮೇ ತಿಂಗಳಲ್ಲಿ ಕೇಳಿದರೆ ಸಿಗುವುದಿಲ್ಲ.

ಇನ್ನು ಮನೆಯಲ್ಲಿ ಉತ್ತರ ಕೊಡುವುದು ಯಾರು? ಕೇಳಿದ್ದು ಅವ್ವನನ್ನು, ಬಾಯಿ ಬಿಡುವುದು ಮಗ: ‘ಏನಿಲ್ರೀ, ಛಲೋ ಅದಾಳ, ಊಟ ಮಾಡ್ತಾಳ, ಅಡ್ಡಾಡ್ತಾಳ.’ ಬೇರೆಯವರು ಪರವಾಗಿ ಕೊಟ್ಟ ಉತ್ತರವನ್ನು ರೋಗಿಯದೇ ಉತ್ತರದ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಂಡಿದೆ. ನಡೆಯುವುದು, ಸ್ನಾನ ಮಾಡುವುದು ಇಂಥ ಕಣ್ಣಿಗೆ ಕಾಣುವ ವಿಷಯದಲ್ಲಿ ಇಬ್ಬರ ಉತ್ತರ ಸುಮಾರಾಗಿ ಕೂಡುತ್ತದೆ. ನೋವು, ಚಿಂತೆಯಲ್ಲಿ ಅಷ್ಟು ಕೂಡುವುದಿಲ್ಲ. ಅದಕ್ಕೇ ಅನುಭವ ಇರುವ ಸಮೀಕ್ಷೆಯವರು ಗಂಡಸರೆಲ್ಲ ಹೊಲಕ್ಕೆ ಹೋದ ಹೊತ್ತು ನೋಡಿ ಬರುತ್ತಾರೆ, ಮಾತಾಡಿಸಲು ಹೆಣ್ಣುಮಗಳನ್ನೇ ಕಳಿಸುತ್ತಾರೆ, ಸೊಸೆಯನ್ನು ಕೇಳುವಾಗ ಅತ್ತೆಯನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಮಾತಿಗೆ ಎಳೆಯುತ್ತಾರೆ.