ತೋಳಕ್ಕೆ ಹುಳ ಅಂದವರು

ನಮ್ಮ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವು ಅನ್ನಬಾರದು, ಹುಳ ಅನ್ನಬೇಕು. ಕಚ್ಚಿದರೂ 'ಹುಳ ಮುಟ್ಟಿತು' ಅಂತಲೇ ಹೇಳುತ್ತಾರೆ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ ಅನ್ನುವ ಭಯ. ಟರ್ಕಿಯವರು ಇದನ್ನೇ ತೋಳಕ್ಕೆ ಮಾಡಿದ್ದಾರೆ. ಅವರ ಭಾಷೆಯಲ್ಲಿ 'ಕುರ್ತ್' ಅಂದರೆ ತೋಳವೂ ಹೌದು, ಹುಳವೂ ಹೌದು! ತೋಳಕ್ಕೆ ಹಳೆಯ ತುರ್ಕಿ ಮಾತು 'ಬೋರಿ'; ಕುರಿಮಂದೆಯ ಹತ್ತಿರ ಆ ಹೆಸರು ಎತ್ತಲು ಹೆದರಿ ಹುಳ ಅಂದರು ಅನ್ನುವುದು ಭಾಷಾತಜ್ಞರು ಸಾಮಾನ್ಯವಾಗಿ ಕೊಡುವ ವಿವರಣೆ. ಕಜಾಕರು 'ಇತ್-ಕುಸ್', ಅಂದರೆ ನಾಯಿ-ಹಕ್ಕಿ, ಅಂದು ಜಾರಿಕೊಳ್ಳುತ್ತಾರೆ.

ಇಷ್ಟು ಹೆದರಿಸಿದ ಪ್ರಾಣಿಯೇ ಕುಲದ ಅಜ್ಜಿ. 6ನೇ ಶತಮಾನದಲ್ಲಿ ಮಂಗೋಲಿಯಾದ ಹುಲ್ಲುಗಾವಲನ್ನು ಆಳಿದ ತುರ್ಕಿ ದೊರೆಗಳ ಅಶಿನಾ ಮನೆತನದ ಕಥೆಯನ್ನು ಚೀನಾದ ಹಳೆಯ ಚರಿತ್ರೆಗಳು ಬರೆದಿಟ್ಟಿವೆ: ಶತ್ರುಗಳು ಇಡೀ ಕುಲವನ್ನು ಕೊಂದು, ಒಬ್ಬ ಹುಡುಗನ ಕಾಲು ಕತ್ತರಿಸಿ ಜೌಗಿಗೆ ಎಸೆದರು, ಅವನನ್ನು ಹೆಣ್ಣು ತೋಳವೊಂದು ಮಾಂಸ ತಂದು ಸಾಕಿತು, ಆಮೇಲೆ ಅವನಿಂದಲೇ ಬಸಿರಾಗಿ ಹತ್ತು ಗಂಡುಮಕ್ಕಳನ್ನು ಹೆತ್ತಿತು. ಅವರ ಬಾವುಟದ ತುದಿಗೆ ಚಿನ್ನದ ತೋಳದ ತಲೆ. ದೊರೆಯ ಕಾವಲು ಭಟರಿಗೂ ಬೋರಿ ಅಂತಲೇ ಹೆಸರು.

ಹಾಗಾದರೆ ಕುಲದ ಗುರುತೂ ತೋಳವೇ ಇರಬೇಕು, ಅಲ್ವಾ? ಇಲ್ಲ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ ಇದೇ ಮನೆತನದ ರಾಜಕುಮಾರ ಕುಲ್ ತೆಗಿನ್‌ನ ನೆನಪಿಗೆ 732ರಲ್ಲಿ ನಿಲ್ಲಿಸಿದ ಶಾಸನದ ಮೇಲಿರುವುದು ಕಾಡುಮೇಕೆ, ಅದೂ ನಾಲ್ಕಾರು ಗೆರೆಗಳಲ್ಲಿ. ಇಂಥ ಕುಲದ ಗುರುತಿಗೆ 'ತಮ್ಗಾ' ಅನ್ನುತ್ತಾರೆ. ಈಗ ಅಂಗಿ, ಉಂಗುರಗಳ ಮೇಲೆ ತಮ್ಗಾ ಹಾಕಿಕೊಂಡು ಅದಕ್ಕೆ ಏನೇನೋ ಗೂಢಾರ್ಥ ಹೇಳುವವರು ಜಾಸ್ತಿ. ಮೂಲದಲ್ಲಿ ಅದು ಕುದುರೆಯ ತೊಡೆಗೆ ಕಾದ ಕಬ್ಬಿಣದಿಂದ ಹಾಕುವ ಬರೆ, ಅಷ್ಟೇ. ಬೇಲಿಯೇ ಇಲ್ಲದ ಬಯಲಿನಲ್ಲಿ ಯಾವ ಕುದುರೆ ಯಾರದು ಅಂತ ತಿಳಿಯಬೇಕಲ್ಲ! 1070ರ ದಶಕದಲ್ಲಿ ಮಹಮೂದ್ ಕಾಶ್ಗರಿ ತನ್ನ ತುರ್ಕಿ ನಿಘಂಟಿನಲ್ಲಿ ಒಘುಜ್ ಎಂಬ ತುರ್ಕಿ ಜನರ 22 ಬಣಗಳ ತಮ್ಗಾಗಳನ್ನು ಬಿಡಿಸಿಟ್ಟು, ಇವು ದನ-ಕುದುರೆಗಳ ಗುರುತು ಅಂತ ನೇರವಾಗಿಯೇ ಬರೆದಿದ್ದಾನೆ.

ಪೂಜ್ಯವಾದ ಪ್ರಾಣಿಗೆ ಬೇರೆಯದೇ ಹೆಸರಿತ್ತು, 'ಒಂಗೊನ್'. 14ನೇ ಶತಮಾನದ ಶುರುವಿನಲ್ಲಿ ಇರಾನಿನ ಚರಿತ್ರೆಕಾರ ರಶೀದುದ್ದೀನ್ ಕೊಡುವ ಲೆಕ್ಕದಲ್ಲಿ ಒಘುಜ್ ಬಣಗಳು 24, ಅವರ ಒಂಗೊನ್ ಹಕ್ಕಿಗಳು ಮಾತ್ರ ಆರು. ಡೇಗೆ, ಹದ್ದು, ಹೀಗೆ ಎಲ್ಲವೂ ಬೇಟೆಹಕ್ಕಿಗಳೇ. ನಾಲ್ಕು ಬಣಕ್ಕೆ ಒಂದು ಹಕ್ಕಿ, ತಮ್ಗಾ ಮಾತ್ರ ಪ್ರತಿ ಬಣಕ್ಕೂ ಬೇರೆ. ತಮ್ಮ ಹಕ್ಕಿಯನ್ನು ಅವರು ಹೊಡೆಯುವಂತಿಲ್ಲ, ತಿನ್ನುವಂತಿಲ್ಲ.

ಹಕ್ಕಿಗಳು ಹಳೆಯ ಪುಸ್ತಕಗಳಲ್ಲೇ ಉಳಿದವು. ಬರೆ ಮಾತ್ರ ಮುದ್ರೆಯಾಯಿತು, ಮಂಗೋಲರ ಕಾಲಕ್ಕೆ ಸರಕಿನ ಮೇಲಿನ ಸುಂಕವೂ ಆಯಿತು. ರಷ್ಯನ್ನರು ಸುಂಕದ ಕಚೇರಿಗೆ ಇವತ್ತಿಗೂ 'ತಮೋಜ್ನ್ಯಾ' ಅನ್ನುತ್ತಾರೆ.